ಹಣೆಯ ಮೇಲಿನ ಕೆಲಸ

ರಿಯಾಜ ಹೆಣಕ್ಕೆ ಸುತ್ತುವ ಕಫನಿನ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಸೀಳಿ, ಎರಡೂ ಕೈಯಲ್ಲಿ ಹಿಡಿದು ಒಂದೇ ಜಗ್ಗಿಗೆ ಹರಿದ. ಪರ್ರನೆ ಎದ್ದ ಆ ಸದ್ದಿಗೆ ಪಡಸಾಲೆಯಲ್ಲಿ ಅಳುತ್ತಿದ್ದ ಹೆಂಗಸರು ಅಂಗಳದ ಕಡೆ ತಿರುಗಿದರು.

"ಬಿಸಿನೀರ ಎಲ್ಲಿ? ಅಬ್ಬಾನ ಮೈ ತೊಳಿಯಾಕ ನೀರಿಲ್ಲಂದ್ರ ಎಂಥಾ ಮನಿ ಇದು?"

ಅವನ ಹೆಂಡತಿ ಜೋಯಾ ಕುದಿಯುವ ನೀರಿನ ಕೊಡವನ್ನು ದುಪಟ್ಟಾದ ಚುಂಗಿನಲ್ಲಿ ಹಿಡಿದು ಅಡುಗೆಮನೆಯಿಂದ ಅಂಗಳಕ್ಕೆ ಬಂದಳು. ಹಿಂದೆ ಅವಳ ಮಗಳು ಅಬೀದಾ, ಇನ್ನೂ ಸಾಲಿಗೆ ಹೋಗದ ಕೂಸು, ತಾಯಿಯ ಕಮೀಜಿನ ಅಂಚಿಗೆ ಜೋತುಬಿದ್ದಿತ್ತು. ಬಗ್ಗಿ ಇಡುವಾಗ ಕೊಡ ತುಸು ವಾಲಿತು. ನೀರು ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. ರಿಯಾಜ ಎದ್ದೂ ನಿಲ್ಲಲಿಲ್ಲ. ಕೂತಲ್ಲಿಂದಲೇ ಹಿಂಗೈ ಬೀಸಿದ.

ಜೋಯಾಳ ತುಟಿ ಹಲ್ಲಿಗೆ ಬಡಿದು ಒಡೆಯಿತು. ಒಂದು ಹನಿ ರಕ್ತ ಕಫನಿನ ಮೇಲೆ ಬಿದ್ದು, ಒದ್ದೆಯಾಗಿದ್ದಲ್ಲಿ ನಿಧಾನವಾಗಿ ಹರಡಿತು.

ಹುಬ್ಬಳ್ಳಿಯ ಗೋಪನಕೊಪ್ಪದ ಆ ಗಲ್ಲಿಯ ಗಂಡಸರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಮಗ್ಗಲ ಮನೆಯ ಶಹಜಹಾನಬೇಗಂ ಓಡಿಬಂದು ಜೋಯಾಳನ್ನು ಒಳಗೆಳೆದುಕೊಂಡಳು.

"ಸಿಟ್ಟಲ್ಲವ್ವಾ ಅದು, ದುಃಖ. ಅಪ್ಪ ಹೋಗ್ಯಾನ. ಗಂಡಸರಿಗೆ ಅಳಾಕ ಬರಂಗಿಲ್ಲ, ಹಿಂಗ ಹೊರಗ ಬರ್ತತಿ."

"ಹಂಗಾರ ಹ್ವಾದ ತಿಂಗಳ ಯಾರ ಸತ್ತಿದ್ರು, ಚಾಚೀ?" ಎಂದಳು ಜೋಯಾ, ತುಟಿ ಒತ್ತಿಕೊಂಡೇ.

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಹೊರಗೆ ರಿಯಾಜನ ಕೈ ಬಟ್ಟೆಯ ಮೇಲೆ ಹಾಗೇ ನಿಂತಿತು. ಅವನಿಗೂ ಕೇಳಿಸಿತ್ತು.

ಗಂಡನ ಹೆಣದ ತಲೆಯ ಹತ್ತಿರ ಕೂತಿದ್ದ ಅಮೀನಾಬಿ ಸೊಸೆಯನ್ನಾಗಲಿ ಮಗನನ್ನಾಗಲಿ ನೋಡಲಿಲ್ಲ. ಮೊಮ್ಮಗಳನ್ನು ನೋಡಿದಳು. ಅಬೀದಾ ಅಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು, ಕಣ್ಣು ಅಗಲ ಮಾಡಿ, ಮುಂದಿನ ಏಟು ಯಾವ ಕಡೆಯಿಂದ ಬರಬಹುದೆಂದು ಕಾಯುತ್ತಿತ್ತು. ಆ ಮುಖವನ್ನು ಅಮೀನಾಬಿ ಹಿಂದೊಮ್ಮೆ ನೋಡಿದ್ದಳು. ಅದು ರಿಯಾಜನ ಮುಖವಾಗಿತ್ತು.

*

ಅಮೀನಾಬಿಯ ಗಂಡ ಲಾಲಸಾಬ ಮನೆ ಕೆಡವುವವ. ಹೆಬ್ಬಳ್ಳಿಯಿಂದ ಹುಬ್ಬಳ್ಳಿಗೆ ಬರುವಾಗ ಒಂದು ಸುತ್ತಿಗೆ, ಒಂದು ಹಾರೆ, ಒಬ್ಬ ಹೆಂಡತಿ ಇಷ್ಟೇ ತಂದಿದ್ದ. ಜೇಸಿಬಿ ಹೊರಳದಂಥ ಓಣಿಗಳು ಹಳೇ ಹುಬ್ಬಳ್ಳಿಯಲ್ಲಿ ಬೇಕಾದಷ್ಟಿದ್ದವು. ಅಲ್ಲಿ ಒಂದು ಮನೆಯ ಗೋಡೆ ಇನ್ನೊಂದು ಮನೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಒಂದನ್ನು ಕೊಂದು ಇನ್ನೊಂದನ್ನು ಉಳಿಸಬೇಕು. ಅದು ಅವನ ಕಸುಬು.

ಅವನಿಗೆ ಅಂಗಡಿ ಇರಲಿಲ್ಲ, ಬೋರ್ಡಿರಲಿಲ್ಲ. ಗಿರಾಕಿ ಮನೆಗೆ ಬಂದರೆ ಮೊದಲು ಅಂಗಿ ಕಳಚುತ್ತಿದ್ದ. ಆ ಕಸುಬಿನಲ್ಲಿ ಮಾತಿಗಿಂತ ಮೈಯನ್ನು ನಂಬುತ್ತಾರೆ. ಮೈಮೇಲೆ ಕಲೆಯಿಲ್ಲದವನು ಒಂದೋ ಹೊಸಬ, ಇಲ್ಲಾ ಬೇರೆಯವರನ್ನು ಗೋಡೆಯ ಕೆಳಗೆ ನಿಲ್ಲಿಸಿ ತಾನು ದೂರ ನಿಲ್ಲುವವನು.

"ಕಟ್ಟೋರು ಊರ ತುಂಬ ಅದಾರ್ರೀ. ಕಟ್ಟಿದ್ದ ಕೆಟ್ಟರ ಮತ್ತ ಕಟ್ಟಬಹುದು. ಕೆಡವೋದ ಕೆಟ್ಟರ ಮಗ್ಗಲ ಮನ್ಯಾಗಿನ ಹೆಣ ನೀವ ಹೊರಬೇಕಾಕ್ಕತಿ," ಎನ್ನುತ್ತ ಬೆನ್ನು ತಿರುಗಿಸುತ್ತಿದ್ದ. ಬೆನ್ನ ಮೇಲೆ ಸೀಳು, ಭುಜದ ಮೇಲೆ ಸುಟ್ಟ ಗುರುತು, ಸೊಟ್ಟ ಕೂಡಿದ ಮೊಣಕೈ. ಒಂದೊಂದಕ್ಕೂ ಒಂದೊಂದು ಓಣಿಯ ಹೆಸರಿತ್ತು. ಕಡೆಗೆ ಹಣೆ. ಎಡಹುಬ್ಬಿನಿಂದ ಕೂದಲಿನವರೆಗೆ ಎಲುಬೇ ಒಳಗೆ ಕುಸಿದು, ಬೆರಳು ಹಿಡಿಯುವಷ್ಟು ಹಳ್ಳ ಬಿದ್ದಿತ್ತು. ಗಿರಾಕಿಯ ಬೆರಳನ್ನು ತಾನೇ ಹಿಡಿದು ಆ ಹಳ್ಳದಲ್ಲಿ ಇಡುತ್ತಿದ್ದ.

"ಇಡ್ರಿ, ಇಡ್ರಿ, ಅಂಜಬ್ಯಾಡ್ರಿ. ಮಾಳಿಗಿ ಮನಿ ಕೆಡವಾಕತ್ತಿದ್ವಿ. ಒಂದ ಕೂಸು ಎಲ್ಲಿಂದ ಬಂತೋ, ತೊಲಿ ಕೆಳಗ ನಿಂತಿತ್ತು. ತೊಲಿ ಜರೀತು. ಕೂಸಿನ ದೂಡಾಕ ಹೊತ್ತಿರಲಿಲ್ಲ. ನಾ ತಲಿ ಕೊಟ್ಟೆ."

ಅಷ್ಟು ಹೇಳಿ ನಿಲ್ಲಿಸುತ್ತಿದ್ದ. ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಗೊತ್ತಿತ್ತು. ಗಿರಾಕಿ ಬೆರಳು ಹಿಂದೆ ತಗೊಳ್ಳುವಷ್ಟರಲ್ಲಿ ಕೆಲಸ ಅವನದಾಗಿರುತ್ತಿತ್ತು. ಕತೆಯಲ್ಲಿ ತಲೆಗೆ ಬಿದ್ದದ್ದು ಮೊದಮೊದಲು ಬರೀ ಜಂತಿಯಾಗಿತ್ತು. ಆಮೇಲೆ ತೊಲೆಯಾಯಿತು, ಕಡೆಕಡೆಗೆ ಸಾಗವಾನಿ ತೊಲೆ. ಚಹಾ ತಂದಿಡುವ ಅಮೀನಾಬಿ ಪ್ರತಿ ಸಲ ಕೇಳಿಸಿಕೊಳ್ಳುತ್ತಿದ್ದಳು. ಆ ಕತೆ ಹೇಳುವಾಗ ಲಾಲಸಾಬ ಒಮ್ಮೆಯೂ ಅವಳ ಕಡೆ ನೋಡುತ್ತಿರಲಿಲ್ಲ.

*

ರಕ್ತ ಬಿದ್ದ ಬಟ್ಟೆಯನ್ನು ಮೂಲೆಗೆಸೆದು ಹೊಸದನ್ನು ತಂದರು. ಅಂಗಳದ ಪರದೆಯ ಹಿಂದೆ ರಿಯಾಜ ಮತ್ತು ಇಕ್ಬಾಲ ಸೇರಿ ಹೆಣ ತೊಳೆದರು. ಇಕ್ಬಾಲ ಲಾಲಸಾಬನ ಜೊತೆ ಸುತ್ತಿಗೆ ಹಿಡಿದೇ ಮುದುಕನಾದವನು. ಗೋಡೆಯೊಂದು ಅವನ ಕಾಲನ್ನು ಜಜ್ಜಿತ್ತು, ಕುಂಟುತ್ತಿದ್ದ. ರಿಯಾಜ, ಕೆಡವಿದ ಮನೆಗಳ ಮಣ್ಣು ಸಾಗಿಸುವ ಟೆಂಪೋ ಹೊಡೆಯುತ್ತಿದ್ದ. ಅವನ ಮೈಮೇಲೆ ಒಂದೂ ಕಲೆಯಿರಲಿಲ್ಲ.

ಹೆಣವನ್ನು ಕಫನಿನಲ್ಲಿ ಸುತ್ತಿ, ಮುಖವಷ್ಟೇ ತೆರೆದು, ಕಡೆಯ ನೋಟಕ್ಕೆಂದು ಪಡಸಾಲೆಗೆ ತಂದು ಮಲಗಿಸಿದಾಗ ಧಾರವಾಡದಿಂದ ಯಜ್ಞೇಶ್ವರ ಬಂದ. ಕಾರು ಗಲ್ಲಿಯೊಳಗೆ ಬರದೆ ಅಷ್ಟು ದೂರ ನಡೆದು ಬೆವತಿದ್ದ. ಅವನ ಅಜ್ಜನ ಕಾಲದ ವಾಡೆಯನ್ನು ಕೆಡವಬೇಕಿತ್ತು. ಅದರ ಒಂದು ಗೋಡೆ ಅಣ್ಣನ ಮನೆಗೆ ಕೂಡಿತ್ತು, ಅಣ್ಣನ ಜೊತೆ ಮಾತಿರಲಿಲ್ಲ. ಕೆಲಸವನ್ನು ಲಾಲಸಾಬನಿಗೆ ಒಪ್ಪಿಸಿಯಾಗಿತ್ತು.

"ನನ್ನ ಬಲಗೈ ಹ್ವಾದಂಗಾತು," ಎಂದು ಯಜ್ಞೇಶ್ವರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಆಮೇಲೆ ದನಿ ಇಳಿಸಿದ. "ಇಂಥಾ ದಿನ ಕೇಳಬಾರದು ಖರೇ. ಶುಕ್ರವಾರ ಚಾಲೂ ಮಾಡತೇನಿ ಅಂದಿದ್ದ. ಈಗ ಯಾರಿಗೆ ಹೇಳಲಿ?"

"ಉಸ್ತಾದರ ಹಿಂದ ನಾ ಇದ್ದೇನಲ್ಲರೀ," ಎಂದ ಇಕ್ಬಾಲ. "ಆ ಗ್ವಾಡಿ ನಾ ನೋಡಿ ಬಂದೇನಿ."

"ಚಾಚಾ, ನಿನ್ನ ಕಾಲ ನಿನಗ ಹೊರಾಕ ಆಗವಲ್ದು, ಗ್ವಾಡಿ ಏನ ಹೊರ್ತಿ?" ಎಂದ ರಿಯಾಜ. "ಸಾಹೇಬ್ರ, ಬರ್ರಿಲ್ಲೆ."

ಯಜ್ಞೇಶ್ವರನ ರಟ್ಟೆ ಹಿಡಿದು ಎಬ್ಬಿಸಿ, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೆಣದ ಹತ್ತಿರ ಕರೆದೊಯ್ದ. ಅಮೀನಾಬಿಯ ಮೊಣಕಾಲಿಗೆ ತಾಗಿಯೇ ಕೂರಿಸಿದ.

"ಬೆರಳ ಕೊಡ್ರಿ."

"ಏನಪಾ?"

"ಕೊಡ್ರಿ."

ಯಜ್ಞೇಶ್ವರನ ತೋರುಬೆರಳನ್ನು ಹಿಡಿದೆಳೆದು ತಂದೆಯ ಹಣೆಯ ಹಳ್ಳದೊಳಗೆ ಒತ್ತಿದ. ತಣ್ಣಗಿನ ಚರ್ಮ ಬೆರಳಿಗೆ ತಾಗಿದ್ದೇ ಯಜ್ಞೇಶ್ವರ ಕೈ ಬಿಡಿಸಿಕೊಳ್ಳಲು ಜಗ್ಗಿದ. ರಿಯಾಜ ಬಿಡಲಿಲ್ಲ.

"ಈ ಕತಿ ನೀವು ಕೇಳೀರಿ. ಆ ತೊಲಿ, ಆ ಕೂಸು. ಆ ಕೂಸು ಯಾರು ಅಂತ ಅಬ್ಬಾ ಯಾರಿಗೂ ಹೇಳಲಿಲ್ಲ. ಇವತ್ತ ನಾ ಹೇಳತೇನಿ. ನಾನಽ." ಅವನ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾದಂತಿತ್ತು. "ಈ ಕೆಲಸ ನನಗ ಯಾರೂ ಕಲಿಸಬೇಕಾಗಿಲ್ರಿ, ಈ ಹಣಿ ಕೆಳಗಽ ಉಳದೇನಿ."

ಪಡಸಾಲೆ ಹ್ಞಾಂ ಎಂದು ಉಸಿರೆಳೆದುಕೊಂಡಿತು. ಯಜ್ಞೇಶ್ವರ ಕೈ ಜಗ್ಗುವುದನ್ನು ಬಿಟ್ಟ.

"ಸುಳ್ಳ!" ಬಾಗಿಲಲ್ಲಿ ಇಕ್ಬಾಲ ನಿಂತಿದ್ದ. "ಅಪ್ಪನ ಹೆಣದ ಮುಂದ ಕುಂತ ಸುಳ್ಳ ಹೇಳ್ತಿಯೇನಲೇ? ಆ ಮಾಳಿಗಿ ನಾ ಕೆಡವೇನಿ. ಕೂಸೂ ಇರಲಿಲ್ಲ, ತೊಲೀನೂ ಬೀಳಲಿಲ್ಲ. ಉಸ್ತಾದ ಅವತ್ತ ಕೆಲಸಕ್ಕಽ ಬಂದಿರಲಿಲ್ಲ. ಆಮ್ಯಾಲ ಒಂದಿನ ತಲಿಗೆ ಪಟ್ಟಿ ಸುತಗೊಂಡ ಬಂದ್ರು. ಅವರ ಹೊಟ್ಟಿಪಾಡಿಗೆ ಅವರ ಹೇಳತಿದ್ರು, ನಾ ಬಾಯಿ ಮುಚಗೊಂಡಿದ್ದೆ. ಅದನ್ನ ನೀ ಮಾರಬ್ಯಾಡ."

ರಿಯಾಜ ಎದ್ದದ್ದು ಯಾರಿಗೂ ಕಾಣಲಿಲ್ಲ. ಇಕ್ಬಾಲನ ಎದೆಯ ಅಂಗಿ ಹಿಡಿದು ಅಂಗಳಕ್ಕೆ ಎಳೆದಿದ್ದಷ್ಟೇ ಕಂಡಿತು. ಗೋಡೆಗೊರಗಿಸಿದ್ದ ಸುತ್ತಿಗೆಗಳಲ್ಲಿ ಒಂದರ ಮರದ ಕಾವು ಅವನ ಕೈಗೆ ಸಿಕ್ಕಿತು. ಮೊದಲ ಏಟು ಇಕ್ಬಾಲನ ಭುಜಕ್ಕೆ. ಎರಡನೆಯದು ಜಜ್ಜಿದ ಅದೇ ಕಾಲಿಗೆ. ಮುದುಕ, ಹೆಣ ಹೊರಲು ತಂದಿಟ್ಟಿದ್ದ ಖಾಲಿ ಜನಾಜಾದ ಮಂಚದ ಮೇಲೆ ಬಿದ್ದ. ಮಂಚ ಮಗುಚಿತು, ಅದರ ಕಾಲು ಅವನ ಬಾಯಿಗೆ ಬಡಿದು ಒಂದು ಹಲ್ಲು ಮಣ್ಣಿಗೆ ಬಿತ್ತು. ನಾಲ್ಕಾರು ಮಂದಿ ರಿಯಾಜನನ್ನು ಹಿಂದಿನಿಂದ ತೆಕ್ಕೆಹಾಕಿದರು. ಅವನು ಅವರನ್ನೂ ಎಳೆದುಕೊಂಡು ಮುದುಕನಿಗೆ ಒಂದು ಒದೆ ಒದ್ದ.

"ಭಾಭೀ," ಎಂದ ಇಕ್ಬಾಲ, ಬಾಯಿಂದ ರಕ್ತ ಉಗುಳುತ್ತ. "ನೀವ ಹೇಳ್ರಿ. ನಿಮಗ ಗೊತ್ತಿರಬೇಕಲ್ಲ."

ಎಲ್ಲರೂ ಅಮೀನಾಬಿಯನ್ನು ನೋಡಿದರು. ಅವಳು ಗಂಡನ ಹಣೆ ನೋಡುತ್ತಿದ್ದಳು. ಯಜ್ಞೇಶ್ವರನ ಬೆರಳಿನ ಬೆವರು ಆ ಹಳ್ಳದಲ್ಲಿ ಇನ್ನೂ ಹೊಳೆಯುತ್ತಿತ್ತು. ಸೆರಗಿನಿಂದ ಅದನ್ನು ಒರೆಸಿದಳು.

"ಆ ಕೂಸು ಇಂವನಽ," ಎಂದಳು.

ಇಕ್ಬಾಲ ತಲೆ ತಗ್ಗಿಸಿದ. ರಿಯಾಜ ಬೆಚ್ಚಿ ತಾಯಿಯನ್ನು ನೋಡಿದ. ತನಗಾಗಿ ತಾಯಿ ಸುಳ್ಳು ಹೇಳಿದಳೆಂದುಕೊಂಡು ಅವನ ಮುಖ ಅರಳಿತು. ಯಜ್ಞೇಶ್ವರ ಚಪ್ಪಲಿ ಹುಡುಕುತ್ತ, ಸುತ್ತಿಗೆಯ ಕಾವನ್ನೂ ಅದನ್ನು ಹಿಡಿದ ಕೈಯನ್ನೂ ಒಮ್ಮೆ ಅಳೆದು ನೋಡಿದ.

"ಗಟ್ಟಿ ಅದಿ. ಶುಕ್ರವಾರ ಬಾ," ಎಂದ.

*

ರಿಯಾಜ ಕೂಸಾಗಿದ್ದಾಗ ಅವರು ಬಾಡಿಗೆಯ ಒಂದೇ ಖೋಲಿಯಲ್ಲಿದ್ದರು. ಲಾಲಸಾಬ ಮನೆಯಲ್ಲೂ ಕೆಡವುತ್ತಿದ್ದ. ಅಮೀನಾಬಿಯ ಕಿವಿಯೊಂದು ಅವನ ಏಟಿಗೆ ಆಗಲೇ ಮಂದವಾಗಿತ್ತು. ಇವತ್ತಿನ ಜೋಯಾಳ ಹಾಗೆ ಅವಳೂ ನೆರೆಯವರ ಸಮಾಧಾನ ಕೇಳಿದ್ದಳು: ಸಿಟ್ಟಲ್ಲ, ದಣಿವು.

ಒಂದು ಸಂಜೆ ಕೂಸು ರಿಯಾಜ ಕುಡಿಯುವ ನೀರಿನ ಬಿಂದಿಗೆ ಉರುಳಿಸಿದ. ಲಾಲಸಾಬ ಅವನ ಒಂದು ಕಾಲು ಹಿಡಿದು ಎತ್ತಿದ. ತಲೆ ಕೆಳಗಾದ ಕೂಸು ಅಳಲಿಲ್ಲ. ಬಾಯಿ ಮುಚ್ಚಿ, ಕಣ್ಣು ಅಗಲ ಮಾಡಿತು. ಸುತ್ತಿಗೆ ಬೀಸುವ ಮೊದಲು ಲಾಲಸಾಬ ಒಂದು ಹೆಜ್ಜೆ ಹಿಂದೆ ಇಟ್ಟು ಸೊಂಟ ತಿರುಗಿಸುತ್ತಿದ್ದ. ಅದು ಅವನ ಕೆಲಸದ ರೂಢಿ. ಅವತ್ತೂ ಹೆಜ್ಜೆ ಹಿಂದೆ ಇಟ್ಟ. ಎದುರಿಗೆ ಗೋಡೆಯಿತ್ತು, ಕೈಯಲ್ಲಿ ಕೂಸಿತ್ತು.

ಅಮೀನಾಬಿ ಒಳ್ಳುಕಲ್ಲಿನ ಮುಂದೆ ಕೂತು ಕೆಂಪುಮೆಣಸಿನಕಾಯಿ ಅರೆಯುತ್ತಿದ್ದಳು. ಅರೆಯುವ ಗುಂಡಕಲ್ಲು ಕೈಯಲ್ಲೇ ಇತ್ತು. ಎದ್ದಳು, ಹೊಡೆದಳು. ಒಂದೇ ಏಟು.

ಕೂಸು ಹಾಸಿಗೆಯ ಮೇಲೆ ಬಿತ್ತು. ಲಾಲಸಾಬ ಗೋಡೆಗೆ ಬೆನ್ನು ಹಚ್ಚಿ ಜಾರಿ ಕೂತ. ರಕ್ತದ ಜೊತೆ ಖಾರವೂ ಇಳಿದು ಕಣ್ಣಿಗೆ ಹೋಯಿತು. ತಲೆ ಒಡೆದಿದ್ದಕ್ಕೆ ಅವನು ಕೂಗಲಿಲ್ಲ, "ಕಣ್ಣು, ಕಣ್ಣು" ಎಂದು ಕೂಗಿದ. ಅವಳು ನೀರು ಕೊಟ್ಟಳು, ಪಟ್ಟಿ ಕಟ್ಟಿದಳು. ಆದರೆ ಬೆಳಗಾಗುವವರೆಗೆ ಕಲ್ಲನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅವನು ಒಂದೇ ಕಣ್ಣಲ್ಲಿ ಆ ಕಲ್ಲನ್ನೇ ನೋಡುತ್ತಿದ್ದ.

ಆಮೇಲೆ ಆ ಮನೆಯಲ್ಲಿ ಅವನ ಕೈ ಏಳಲಿಲ್ಲ. ಹೊರಗೆ ಯಾರೋ ಹಣೆಗೇನಾಯಿತೆಂದು ಕೇಳಿದರು. ಏನಾದರೂ ಹೇಳಬೇಕಿತ್ತು, ಹೇಳಿದ. ಅವತ್ತು ಹೊಸ ಕೆಲಸ ಹಿಡಿದುಕೊಂಡೇ ಮನೆಗೆ ಬಂದ. ಆ ಗಾಯ ಅವಳ ಕೈಕೆಲಸ, ಊರಲ್ಲಿ ಹೆಸರು ಮಾಡಿದ್ದು ಅವನು. ಗೋಪನಕೊಪ್ಪಕ್ಕೆ ಬಂದಾಗ ಗುಂಡಕಲ್ಲನ್ನು ಅವನೇ ಹೊತ್ತು ತಂದು ಹಿತ್ತಲಲ್ಲಿ ಇಟ್ಟ. ಮಿಕ್ಸರ್ ಬಂದ ಮೇಲೂ ಅದನ್ನು ಎಸೆಯಲಿಲ್ಲ, ಒಳಗೂ ತರಲಿಲ್ಲ. ಮಗನಿಗೆ ಮಾತ್ರ ಇಬ್ಬರೂ ಏನೂ ಹೇಳಲಿಲ್ಲ. ಅವನು ಬೆಳೆದದ್ದು ತೊಲೆಯ ಕತೆಯನ್ನು ಕೇಳುತ್ತ.

*

ಮೌಲಾನಾ ಬಂದು, ಲಾಲಸಾಬರಿಂದ ಯಾರ ಮನಸ್ಸಾದರೂ ನೊಂದಿದ್ದರೆ ಮಾಫ್ ಮಾಡಬೇಕೆಂದು ಕೇಳಿದರು. ಎಲ್ಲರೂ ಮಾಫ್ ಎಂದರು. ಮೂಲೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡ ಇಕ್ಬಾಲನೂ ಎಂದ.

"ಅಮೀನಾಬಿ, ನೀವು?"

"ನಂದು ಅವರದು ಎಂದೋ ಮುಗದೇತ್ರಿ," ಎಂದಳು.

ಹೆಣವನ್ನು ಮಂಚದ ಮೇಲಿಟ್ಟು ಎತ್ತಿದರು. ಹೆಗಲು ಕೊಡುವ ಮೊದಲು ರಿಯಾಜ ಅಡುಗೆಮನೆಯ ಬಾಗಿಲಲ್ಲಿ ಬಗ್ಗಿದ. ದನಿ ಎತ್ತರಿಸಲಿಲ್ಲ.

"ಹ್ವಾದ ತಿಂಗಳ ಯಾರ ಸತ್ತಿದ್ರು ಅಂತ ಕೇಳ್ದಿ ಅಲಾ, ಎಲ್ಲಾರ ಮುಂದ? ಮಣ್ಣ ಕೊಟ್ಟ ಬರತೇನಿ. ಬಂದ ಹೇಳತೇನಿ."

ಜೋಯಾ ಅಬೀದಾಳ ಕಿವಿ ಮುಚ್ಚಿದಳು.

ಗಂಡಸರ ಕಲಮಾ ಗಲ್ಲಿಯ ತಿರುವಿನಲ್ಲಿ ಕರಗಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಶಹಜಹಾನಬೇಗಂ ಹೋಗುತ್ತ, "ಇವತ್ತೊಂದಿನ ಎದರ ಮಾತಾಡಬ್ಯಾಡವಾ," ಎಂದು ಜೋಯಾಳ ಗಲ್ಲ ಸವರಿದಳು.

ಅಮೀನಾಬಿ ಹಿತ್ತಲಿಗೆ ಹೋದಳು. ನಿಂಬೆಗಿಡದ ಬುಡದಲ್ಲಿ ಅರ್ಧ ಹೂತಿದ್ದ ಗುಂಡಕಲ್ಲನ್ನು ಮೊಣಕಾಲೂರಿ, ಉಗುರಲ್ಲೇ ಮಣ್ಣು ಕೆದರಿ ಕಿತ್ತಳು. ಅಡಿಯಲ್ಲಿದ್ದ ಇರುವೆಗಳು ಮೊಟ್ಟೆ ಕಚ್ಚಿಕೊಂಡು ದಿಕ್ಕಾಪಾಲಾದವು. ಹೆಣ ತೊಳೆದು ಕೊಡದಲ್ಲಿ ಉಳಿದಿದ್ದ ನೀರಲ್ಲಿ ಕಲ್ಲು ತೊಳೆದು, ಒಳಗೆ ತಂದು ಸೊಸೆಯ ಮುಂದಿಟ್ಟಳು.

"ಎತ್ತು."

ಜೋಯಾ ಅತ್ತೆಯ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಎತ್ತಿದಳು.

"ಎರಡ ಕೈಲೆ ಅಲ್ಲ. ಒಂದ ಕೈಲೆ."

"ಭಾಳ ಭಾರ ಐತಿ ಅಮ್ಮಾ."

"ಮೊದಲ ಹಂಗಽ ಅನಸ್ತತಿ."

ಜೋಯಾಳ ಬೆರಳುಗಳು ಕಲ್ಲಿನ ಸವೆದ ಕಡೆಯನ್ನು ಹುಡುಕಿದವು. ಅಮೀನಾಬಿಯ ಕೈ ಅರೆದು ಅರೆದು ಮಾಡಿದ ತಗ್ಗು ಅಲ್ಲಿತ್ತು. ಕಲ್ಲು ಮೇಲೆದ್ದಿತು.

ಅಮೀನಾಬಿ ಸೊಸೆಯ ಇನ್ನೊಂದು ಕೈ ಹಿಡಿದಳು. ಅದರ ತೋರುಬೆರಳನ್ನು ತಂದು ತನ್ನ ಹಣೆಯ ಮೇಲೆ, ಎಡಹುಬ್ಬಿಗಿಂತ ತುಸು ಮೇಲೆ ಒತ್ತಿದಳು.

"ಇಲ್ಲೆ," ಎಂದಳು. "ಕಿವಿ ಮಗ್ಗಲಿಗೆ ಬ್ಯಾಡ. ಅಲ್ಲಾದರ ಸಾಯತಾರ."

ಗಲ್ಲಿಯಲ್ಲಿ ಚಪ್ಪಲಿಗಳ ಸದ್ದಾಯಿತು. ಅಬೀದಾ ಬಾಗಿಲ ಕಡೆ ತಿರುಗಿ ಬಾಯಿ ಮುಚ್ಚಿಕೊಂಡಿತು. ಜೋಯಾ ಬೆರಳನ್ನು ಅತ್ತೆಯ ಹಣೆಯಿಂದ ತೆಗೆಯಲಿಲ್ಲ, ಕಲ್ಲನ್ನೂ ಕೆಳಗಿಡಲಿಲ್ಲ.