ಒಪ್ಪಿಗೆಯ ಚೀಟಿ

ಲೀಲಾಧರ ಚಿತೆಗೆಂದು ಮಾವಿನ ಕೊರಡೊಂದನ್ನು ಹೆಗಲಿಗೇರಿಸುತ್ತಿದ್ದಂತೆ ಶ್ರೀಶ ಅಡ್ಡ ಬಂದು ನಿಂತ. ಅಂಗಳದಲ್ಲಿ ಶ್ರೀಶನ ಅಪ್ಪ, ಕೃಷಿ ಮಾಸ್ತರು ಗಣಪಯ್ಯನವರ ಹೆಣವನ್ನು ಮಲಗಿಸಿದ್ದರು.

"ಅಪ್ಪಯ್ಯನ ಕೆಲ್ಸ ತೆಗ್ಸಿದ್ದ್ ನೀವ್. ಈಗ ಎಂತಕ್ಕೆ ಬಂದ್ರಿ?"

ಲೀಲಾಧರ ಕೊರಡನ್ನು ಕೆಳಗಿಳಿಸಲಿಲ್ಲ. ಸಾಲಿಗ್ರಾಮದ ನೆಂಟರು ಮುಖ ತಿರುಗಿಸಿಕೊಂಡರು.

*

ಹನ್ನೆರಡು ವರ್ಷದ ಹಿಂದೆ, 1999ರ ಮಳೆಗಾಲದಲ್ಲಿ, ಮಾಸ್ತರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಒಪ್ಪಿಗೆಯ ಚೀಟಿ ಹಿಡಿದು ಲೀಲಾಧರನ ಮನೆಗೆ ನಡೆದು ಬಂದಿದ್ದರು. ಗದ್ದೆ ಇದ್ದವರ ಮಕ್ಕಳು, ಮೀನು ಹಿಡಿಯುವವರ ಮಕ್ಕಳು, ಅಂಗಡಿಯವರ ಮಕ್ಕಳು ಎಲ್ಲರೂ ಶಾಲೆಯ ಹಿಂದಿನ ಒಂದೇ ಕೆಸರಿಗೆ ಇಳಿಯಬೇಕೆಂಬುದು ಅವರ ಹಟ. ಕಡಲಲ್ಲಿ ಬದುಕುವವರಿಗೆ ಪೈರು ನೆಡುವ ನಟ್ಟಿಯ ಪಾಠ ಯಾಕೆಂದು ಲೀಲಾಧರ ಮಗಳನ್ನು ತಡೆದಿದ್ದ.

"ನಾನೂ ನಟ್ಟಿ ಮಾಡ್ತೆ ಅಪ್ಪ, ಸೈ ಹಾಕ್," ಎಂದಳು ನವ್ಯಾ.

ಹಾಕಿದ.

ಮೂರನೆಯ ದಿನ ಗದ್ದೆಯಂಚಿನ ಹುಲ್ಲಿನಲ್ಲಿದ್ದ ಹಾವು ಅವಳನ್ನು ಕಚ್ಚಿತು. ಮಾಸ್ತರು ಅವಳನ್ನು ಎತ್ತಿಕೊಂಡು ಹೆದ್ದಾರಿಯ ತನಕ ಓಡಿದರು. ಕುಂದಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಶಾಲೆಯಲ್ಲಿ ನಡೆದ ವಿಚಾರಣೆಯಲ್ಲಿ ಲೀಲಾಧರ ತಾನು ಒಪ್ಪಿಗೆ ಕೊಟ್ಟೇ ಇರಲಿಲ್ಲ ಎಂದುಬಿಟ್ಟ. ಮಾಸ್ತರು ತಲೆ ತಗ್ಗಿಸಿ ಕೂತಿದ್ದರು. ಅವರ ಕೆಲಸ ಹೋಯಿತು, ಗದ್ದೆಯ ಪಾಠವೂ ನಿಂತಿತು. ಚೀಟಿ ಎಲ್ಲೋ ಕಳೆದುಹೋಗಿರಬೇಕೆಂದು ಲೀಲಾಧರ ನಂಬಿಕೊಂಡ.

*

ಹೆಣ ಎತ್ತುವ ಮೊದಲು ಮಾಸ್ತರ ಹೆಂಡತಿ ವೇದಾವತಿ ಜಗಲಿಯಿಂದ ಇಳಿದು ಬಂದರು. ಮಗನನ್ನು ಪಕ್ಕಕ್ಕೆ ಸರಿಸಿ, ಲೀಲಾಧರನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದರು.

"ಚೀಟಿ ನಮ್ಮ ಪೆಟ್ಟಿಗೆಯೊಳ್ಗೆ ಇತ್ತ್. ತೋರ್ಸಿ ಅಂದೆ ನಾನ್. 'ಅವ್ರ ಮಗ್ಳೇ ಹೋಯ್ತ್, ನಂದ್ ಕೆಲ್ಸ ಮಾತ್ರ' ಅಂದ್ರ್. ಶ್ರೀಶಂಗೂ ಹೇಳ್ಬೇಡ ಅಂದಿದ್ರ್."

ಲೀಲಾಧರ ಕೊರಡು ಹೊತ್ತು ಎಲ್ಲರ ಹಿಂದೆ ಸುಡುಗಾಡಿಗೆ ನಡೆದ. ಚಿತೆ ಒಟ್ಟಿದ್ದಾಯಿತು. ಶ್ರೀಶ ಕೊಳ್ಳಿ ಹಿಡಿದು ಬಗ್ಗಿದಾಗ ಲೀಲಾಧರನಿಂದ ತಡೆಯಲಾಗಲಿಲ್ಲ.

"ಅಯ್ಯಾ, ಚೀಟಿಗೆ ಸೈ ಹಾಕಿದ್ದ್ ನಾನೇ. ಸುಳ್ಳ್ ಹೇಳಿದ್ದೂ ನಾನೇ. ನಿಮ್ಮಪ್ಪಯ್ಯಂದ್ ಎಂತ ತಪ್ಪಿಲ್ಲ."

ಶ್ರೀಶ ಅವನನ್ನೇ ನೋಡುತ್ತಿದ್ದ. ಕೊಳ್ಳಿಯ ಬೆಂಕಿ ಬೆರಳ ಹತ್ತಿರ ಬಂದರೂ ನೋಡುತ್ತಲೇ ಇದ್ದ. ಹಿರಿಯರೊಬ್ಬರು ಅವನ ಕೈ ಹಿಡಿದು ಬೆಂಕಿಯನ್ನು ಚಿತೆಗೆ ತಾಗಿಸಿದರು.

ಗಾಳಿ ತಿರುಗಿತು. ಹೊಗೆಗೆ ಎಲ್ಲರೂ ಹಿಂದೆ ಸರಿದರು. ಲೀಲಾಧರ ಒಬ್ಬನೇ ಆ ಹೊಗೆಯೊಳಗೆ, ಕಣ್ಣು ಮುಚ್ಚದೆ, ನಿಂತಲ್ಲೇ ನಿಂತಿದ್ದ.