ತಪ್ಪು ಕೋವಿಯದೋ, ಕೈಯದೋ

ಕರುಣಾಕರ ಆಚಾರ್ಯರು ಮಾತನಾಡುವವರ ಮುಖವನ್ನು ನೋಡುವುದಿಲ್ಲ, ಮೊಣಕೈಯನ್ನು ನೋಡುತ್ತಾರೆ. ಸಿಡ್ನಿಯ ಟೂಂಗಾಬಿ ಬಡಾವಣೆಯ ನಮ್ಮ ಬೀದಿಗೆ ನಾನು ಹೊಸದಾಗಿ ಬಂದಿದ್ದಾಗ, ಹಿಂಬಾಗಿಲಿನ ಬೀಗ ಕೆಟ್ಟಿದೆಯೆಂದು ಎರಡು ಮನೆಯಾಚೆ ಇದ್ದ ಅವರನ್ನು ಕರೆತಂದಿದ್ದೆ. ಅವರು ಬೀಗವನ್ನು ಮುಟ್ಟಲೇ ಇಲ್ಲ. "ನೀವೇ ಒಮ್ಮೆ ತೆಗೀರಿ, ನೋಡುವಾ" ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನಾನು ಕೀಲಿ ತಿರುಗಿಸಿದೆ, ಸಿಕ್ಕಿಕೊಂಡಿತು, ಮತ್ತೆ ತಿರುಗಿಸಿದೆ. ಅಷ್ಟು ಹೊತ್ತೂ ಅವರ ದೃಷ್ಟಿ ನನ್ನ ಮೊಣಕೈಯಲ್ಲಿಯೇ ನೆಟ್ಟಿತ್ತು. ಆಮೇಲೆ, ಮಗುವಿಗೆ ಸೂಜಿ ಚುಚ್ಚುವ ವೈದ್ಯರ ಮೃದುತ್ವದಿಂದ, "ಬೀಗ ಸ್ವಲ್ಪ ಬಿಗಿ ಉಂಟು. ಪೂರ್ತಿ ತಿರುಗಿಸ್ಬೇಕು, ಅಷ್ಟೇ ಮಾರಾಯ್ರೆ" ಎಂದರು. ಬೀಗದಲ್ಲಿ ಯಾವ ಬಿಗಿಯೂ ಇರಲಿಲ್ಲ, ಅವಸರದಲ್ಲಿ ನಾನೇ ಅರ್ಧಕ್ಕೆ ಕೈಬಿಡುತ್ತಿದ್ದೆ ಎಂಬುದು ನನಗೆ ಹೊಳೆದದ್ದು ಅವರು ಹೊರಟುಹೋದ ಮೇಲೆ.

ಅವರ ವೃತ್ತಿ ಬಂದೂಕು ರಿಪೇರಿ. ಕಾರ್ಕಳದ ಆಚೆಯ ಒಂದು ಹಳ್ಳಿಯಲ್ಲಿ ಅವರ ತಂದೆ ಕುಲುಮೆ ಇಟ್ಟುಕೊಂಡಿದ್ದವರು. ಕತ್ತಿ, ಗುದ್ದಲಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಊರಿನ ಯಾರದಾದರೂ ಕೋವಿಯ ಸ್ಪ್ರಿಂಗು ಬರುತ್ತಿತ್ತಂತೆ. ಆಚಾರ್ಯರು ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ, ಸಿಡ್ನಿಗೆ ಬಂದು ಅಚ್ಚು ತಯಾರಿಸುವ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದು, ಆ ಕಂಪನಿ ಮುಚ್ಚಿದ ಮೇಲೆ ಪಶ್ಚಿಮ ಸಿಡ್ನಿಯ ಬಂದೂಕು ಅಂಗಡಿಯೊಂದರ ಹಿಂಬದಿಯ ವರ್ಕ್‌ಶಾಪಿಗೆ ಸೇರಿಕೊಂಡರು. ಬೈಕಂಪಾಡಿಯ ಕಾಲದ ನೀಲಿ ಕೋಟನ್ನು ಇಲ್ಲಿಯೂ ತೊಡುತ್ತಾರೆ. ಕಾಲರಿನ ಅಂಚು ಸವೆದು ನೂಲು ಬಿಟ್ಟಿದೆ, ಎಡಜೇಬಿನ ಬಾಯಿ ಕಿವಿಯಂತೆ ಜೋತುಬಿದ್ದಿದೆ. ವರ್ಷಾನುಗಟ್ಟಲೆ ಬೆಂಚಿಗೆ ಒರಗಿ ಅರ ತಿಕ್ಕಿದ್ದರಿಂದಲೋ ಏನೋ, ನಡೆಯುವಾಗ ಎಡಭುಜ ಒಂದಿಷ್ಟು ತಗ್ಗಿ, ಕಾಣದ ಚೀಲವೊಂದನ್ನು ಹೊತ್ತವರಂತೆ ತೋರುತ್ತಾರೆ. ಕನ್ನಡ ಸಂಘದ ಊಟದ ಸಾಲಿನಲ್ಲಿ ಯಾರಾದರೂ ಕೆಲಸ ಕೇಳಿದರೆ ಅವರ ಹೆಂಡತಿ ವಿನೋದಾ ಮುಂಚೆಯೇ ಬಾಯಿಹಾಕಿ, "ಇವ್ರದ್ದು ಮೆಷಿನ್ ಲೈನ್" ಎಂದು ಮಾತು ಮುಗಿಸುತ್ತಾರೆ. ಐಟಿಯವರೂ ಡಾಕ್ಟರರೂ ತುಂಬಿದ ಆ ಸಾಲಿನಲ್ಲಿ ಕೋವಿಯ ಹೆಸರೆತ್ತಿದರೆ ಎಲ್ಲರೂ ಅರೆಕ್ಷಣ ಸುಮ್ಮನಾಗುತ್ತಾರೆಂಬುದು ಆಕೆಯ ಅನುಭವ.

ಆಚಾರ್ಯರ ಬೆಂಚಿಗೆ ಹೆಚ್ಚಾಗಿ ಬರುತ್ತಿದ್ದದ್ದು ಪಂಪ್ ಗನ್. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಈ ದೇಶದಲ್ಲಿ ಅದು ಬೇಕೆಂದವರಿಗೆಲ್ಲ ಸಿಗುವ ವಸ್ತುವಲ್ಲ. ಜಮೀನು, ಕುರಿ, ನರಿ-ಕಾಡುಹಂದಿಗಳ ಕಾಟ ಇವನ್ನೆಲ್ಲ ಕಾಗದದಲ್ಲಿ ತೋರಿಸಿದ ರೈತರಂಥವರಿಗೆ ಮಾತ್ರ. ಮೆಲ್ಬರ್ನಿನ ಆಮದು ಕಂಪನಿಯೊಂದು ತಾನು ತರಿಸುವ ಪಂಪ್ ಗನ್ನುಗಳ ಮೇಲಿನ ದೂರುಗಳನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸವನ್ನು ಈ ವರ್ಕ್‌ಶಾಪಿಗೆ ವಹಿಸಿತ್ತು. ಹಾಗಾಗಿ ಒಂದೇ ಅಚ್ಚಿನ ಕೋವಿಯ ಬಗ್ಗೆ ನಾನಾ ಬಗೆಯ ಪುರಾಣಗಳನ್ನು ಆಚಾರ್ಯರು ಕೇಳಬೇಕಾಗುತ್ತಿತ್ತು. ಒಬ್ಬ ಅದನ್ನು ಹೊಳೆಯ ಕೆಸರಿನಲ್ಲಿ ಬೀಳಿಸಿ, ತೋಟದ ಪೈಪಿನ ನೀರಿನಲ್ಲಿ ತೊಳೆದು, ಆ ಸಂಜೆಯೇ ಹಂದಿ ಹೊಡೆದೆನೆಂದು ಮೀಸೆ ತಿರುವುತ್ತಿದ್ದ. ಇನ್ನೊಬ್ಬ, ಮಗುವಿನಂತೆ ಎಣ್ಣೆ ಹಚ್ಚಿ ಸಾಕಿದರೂ ಎರಡನೆಯ ತೋಟಾಕ್ಕೇ ಸಿಕ್ಕಿಕೊಳ್ಳುತ್ತದೆಂದು ಬೆಂಚು ಕುಟ್ಟುತ್ತಿದ್ದ. ಆಚಾರ್ಯರು ಇಬ್ಬರಿಗೂ ತಲೆಯಾಡಿಸಿ, ಮದ್ದಿಲ್ಲದ ಡಮ್ಮಿ ತೋಟಾಗಳನ್ನು ಕೊಟ್ಟು, ಮೊಣಕೈ ನೋಡುತ್ತ ನಿಲ್ಲುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಕೈಯದೇ. ನರಿಯನ್ನು ಕಂಡ ಗಾಬರಿಯಲ್ಲಿ ಮನುಷ್ಯ ಹಿಡಿಯನ್ನು ಕೊನೆಯವರೆಗೆ ಎಳೆಯುವುದಿಲ್ಲ.

ಆರಡಿ ಎತ್ತರದ ರೈತನಿಗೆ, ಹೆಂಡತಿಯ ಎದುರಿನಲ್ಲಿ, ನಿನ್ನ ಕೈ ಸಾಲದೆಂದು ಹೇಳುವುದು ಹೇಗೆ? ಕೋವಿಯನ್ನು ಒಂದು ವಾರ ಇಟ್ಟುಕೊಂಡು, ಎಣ್ಣೆ ಹಾಕಿ, "ಸ್ವಲ್ಪ ಬಿಗಿ ಇತ್ತು, ಸರಿ ಮಾಡಿದ್ದೇನೆ, ಪೂರ್ತಿ ಎಳೀರಿ" ಎಂದು ಹಿಂದಿರುಗಿಸುತ್ತಿದ್ದರು. ಬಾಯಲ್ಲಿ ಈ ಸೌಜನ್ಯ. ಮೆಲ್ಬರ್ನಿಗೆ ಹೋಗುವ ವರದಿಯಲ್ಲಿ ಮಾತ್ರ ಎಂದಿನ ಎರಡು ವಾಕ್ಯ: ದೋಷ ಕಂಡುಬಂದಿಲ್ಲ. ಬಳಸುವವರ ಕೈತಪ್ಪು. ಅದರ ಒಂದು ಪ್ರತಿ ಅಂಚೆಯಲ್ಲಿ ಮಾಲೀಕನಿಗೂ ಹೋಗುತ್ತಿತ್ತು. ಹದಿನಾರು ವರ್ಷ ಹೀಗೆ ನಡೆಯಿತು. ಸಂಜೆ ಮನೆಗೆ ಬಂದರೆ ಷೂ ಬಿಚ್ಚುವುದಕ್ಕೂ ಚೈತನ್ಯವಿಲ್ಲದೆ ವರಾಂಡದ ಕುರ್ಚಿಯಲ್ಲಿ ಕುಸಿಯುತ್ತಿದ್ದ ತಂದೆಯನ್ನು ಕಂಡು ಮಗಳು ಭವ್ಯಶ್ರೀ, "ಅಪ್ಪಾ, ಜಸ್ಟ್ ರಿಟೈರ್, ಪ್ಲೀಸ್" ಎನ್ನುತ್ತಿದ್ದಳು. "ಕೆಲಸದಿಂದ ಅಲ್ಲ ಮಗಾ, ಒಂದೇ ಕಥೆ ಕೇಳಿ ಕೇಳಿ ಸುಸ್ತು" ಎಂದು ಅವರು ಕಣ್ಣು ಮುಚ್ಚುತ್ತಿದ್ದರು.

ಅಂಥದೊಂದು ದಣಿದ ಏಪ್ರಿಲಿನಲ್ಲಿ ಶಂಭುಲಿಂಗ ಬಂದ. ಬೆಳಗಾವಿ ಕಡೆಯ ಪಶುವೈದ್ಯ. ಸಿಡ್ನಿಯಿಂದ ಎರಡು ತಾಸು ದೂರದ ಗೋಲ್ಬರ್ನಿನ ಆಚೆ ಅರವತ್ತು ಎಕರೆ ಹಿಡಿದು ಕುರಿ ಸಾಕಿದ್ದ. ಕೌಂಟರಿನ ಆಚೆಯಿಂದ ಕನ್ನಡ ಕೇಳಿದ್ದೇ ಅವನ ಮುಖ ಅರಳಿತು. ಆದರೆ ಅವನ ದೂರು ಸಿಕ್ಕಿಕೊಳ್ಳುವುದರದ್ದಲ್ಲ.

"ನೋಡ್ರಿ, ನಾ ಟ್ರಿಗರ್ ಮುಟ್ಟಿಲ್ಲ. ಬರೇ ಹಿಡಿ ಮುಂದ ನೂಕೀನಿ, ಢಂ ಅಂತು. ನಾಕ್ ಸಲ ಹೊಡದ ಮ್ಯಾಲ ಐದನೇದ್ದು ತಾನಽ ಹಾರಿತು."

ಟ್ರಿಗರ್ ಮುಟ್ಟಿಲ್ಲವೆಂಬ ಮಾತನ್ನು ಆಚಾರ್ಯರು ಎಷ್ಟು ಸಲ ಕೇಳಿದ್ದರೋ. ಕೈತಪ್ಪಿ ಗುಂಡು ಹಾರಿಸಿದವರಲ್ಲಿ ಮುಟ್ಟಿದೆನೆಂದವರು ಯಾರೂ ಇಲ್ಲ. "ಅವಸರದಲ್ಲಿ ಬೆರಳು ಅಲ್ಲಿ ಇರ್ತದೆ ಡಾಕ್ಟ್ರೇ, ನಮಗೇ ಗೊತ್ತಾಗುದಿಲ್ಲ" ಎಂದರು.

ಶಂಭುಲಿಂಗನ ಮುಖ ಕಪ್ಪಿಟ್ಟಿತು. "ಮೂವತ್ತ ವರ್ಷ ದನಕ್ಕ ಸೂಜಿ ಹಾಕಿದ ಕೈ ಇದು. ಯಾವ ಬೆರಳು ಎಲ್ಲಿ ಇರತದ ಅಂತ ನನಗ ಗೊತ್ತಿರಂಗಿಲ್ಲೇನ್ರಿ?"

ಆಚಾರ್ಯರು ಕೋವಿಯನ್ನು ಇಟ್ಟುಕೊಂಡು ಡಮ್ಮಿ ತೋಟಾಗಳಲ್ಲಿ ಅರವತ್ತು ಸಲ ಎಳೆದು ತಳ್ಳಿದರು. ಏನೂ ಆಗಲಿಲ್ಲ. ಎಂದಿನ ಎರಡು ವಾಕ್ಯ ಬರೆದು ಸಹಿ ಹಾಕಿದರು.

ನಾಲ್ಕು ತಿಂಗಳ ಬಳಿಕ ಫೋನ್ ಮಾಡಿದವಳು ಶಂಭುಲಿಂಗನ ಹೆಂಡತಿ ಸಂಧ್ಯಾರಾಣಿ. ಕುರಿದೊಡ್ಡಿಯ ಬಳಿ ನರಿಗಳನ್ನು ಅಟ್ಟುವಾಗ ಕೋವಿ ಮತ್ತೆ ತಾನೇ ಹಾರಿ, ನೆಲಕ್ಕೆ ಬಡಿದ ಚರೆ ಕಲ್ಲೊಂದನ್ನು ಸಿಡಿಸಿ, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಅವಳ ಕೆನ್ನೆ ಸೀಳಿತ್ತು. ಏಳು ಹೊಲಿಗೆ. ಪೊಲೀಸರು ವಿಚಾರಣೆ ಮುಗಿಸಿ ಕೋವಿಯನ್ನು ಮರಳಿಸಿದ್ದರು. ವಿಚಾರಣೆಯಲ್ಲಿ ಓದಿದ್ದೂ ಆಚಾರ್ಯರ ಕಾಗದವನ್ನೇ.

ಮರು ಶನಿವಾರ ಅವರು ಒಬ್ಬರೇ ಕಾರು ಹತ್ತಿ ಗೋಲ್ಬರ್ನಿಗೆ ಹೋದರು. ಸಂಧ್ಯಾರಾಣಿ ಚಹಾ ತಂದಿಟ್ಟಳು. ಎಡಗಣ್ಣಿಗೆ ಅರ್ಧ ಅಂಗುಲ ಕೆಳಗೆ ಗಾಯದ ಗುರುತು ಇನ್ನೂ ಕೆಂಪಗಿತ್ತು. ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಒಳ್ಳೆಯದಿತ್ತೆಂದು ಆಚಾರ್ಯರು ಆಮೇಲೆ ನನ್ನೊಡನೆ ಹೇಳಿದ್ದುಂಟು.

"ಇವರು ದಿನಾ ಹೇಳತಿದ್ರು, ನಾ ಮುಟ್ಟಿಲ್ಲ, ನಾ ಮುಟ್ಟಿಲ್ಲ ಅಂತ," ಎಂದಳು ಅವಳು. "ನಾ ನಿಮ್ಮ ಕಾಗದ ನಂಬಿದೆ ನೋಡ್ರಿ. ನಾಕ್ ತಿಂಗಳ ಮನ್ಯಾಗ ಇವರನ್ನ ಸುಳ್ಳ ಮಾಡಿದೆ."

ಶಂಭುಲಿಂಗ ಕಿಟಕಿಯ ಕಡೆ ತಿರುಗಿ ಕುಳಿತಿದ್ದ.

ಹೊಲದ ಅಂಚಿನ ಮಣ್ಣಿನ ದಿಬ್ಬಕ್ಕೆ ನಳಿಗೆಯನ್ನು ಗುರಿಯಾಗಿಸಿ, ದಂಪತಿಗಳನ್ನು ಬಹುದೂರ ಹಿಂದೆ ನಿಲ್ಲಿಸಿ, ಆಚಾರ್ಯರು ಈ ಬಾರಿ ಡಮ್ಮಿಯನ್ನಲ್ಲ, ನಿಜವಾದ ತೋಟಾಗಳನ್ನೇ ತುಂಬಿದರು. ಕೋವಿಯ ಸದ್ದನ್ನು ಅವರು ಎಂದೂ ಪ್ರೀತಿಸಿದವರಲ್ಲ. ಅಷ್ಟು ವರ್ಷಗಳಲ್ಲಿ ಪರೀಕ್ಷೆಗೆಂದು ಹಾರಿಸಿದ್ದು ಒಂದೋ ಎರಡೋ ಗುಂಡು, ಅದೂ ತಣ್ಣನೆಯ ಕೋವಿಯಲ್ಲಿ. ಈಗ ಒಂದರ ಹಿಂದೊಂದು ಹಾರಿಸುತ್ತ ಹೋದರು. ನಳಿಗೆ ಕಾಯಿತು, ಗಾಳಿಯಲ್ಲಿ ಸುಟ್ಟ ಎಣ್ಣೆಯ ವಾಸನೆ ಹರಡಿತು. ಮೂರನೆಯ ಸಲ ತೋಟಾ ತುಂಬಿ ಹಾರಿಸುವಾಗ, ಬೆರಳನ್ನು ಟ್ರಿಗರಿನಿಂದ ಪೂರ್ತಿ ದೂರಕ್ಕೆ ಚಾಚಿ ಹಿಡಿಯನ್ನು ಮುಂದೆ ತಳ್ಳಿದ್ದೇ, ಕೋವಿ ತಾನಾಗಿ ಸಿಡಿದು ದಿಬ್ಬದ ಮಣ್ಣು ಹಾರಿತು.

ಅವರು ಕೋವಿಯನ್ನು ಖಾಲಿ ಮಾಡಿ ನೆಲದ ಮೇಲಿಟ್ಟು, ಬಲಗೈಯನ್ನು ನೋಡಿಕೊಂಡರು. ಹಿಂದಕ್ಕೆ ತಿರುಗಿ, ಗಟ್ಟಿಯಾಗಿ, "ನಾನು ಟ್ರಿಗರ್ ಮುಟ್ಟಲಿಲ್ಲ ಡಾಕ್ಟ್ರೇ" ಎಂದರು. ಹದಿನಾರು ವರ್ಷ ಬೆಂಚಿನ ಈಚೆ ನಿಂತು ಕೇಳಿದ್ದ ಮಾತು ತಮ್ಮದೇ ಬಾಯಿಂದ ಹೊರಬಿದ್ದಾಗ, ಅದನ್ನು ನಂಬಿಸಲು ತಮ್ಮ ಬಳಿ ಒಂದು ಬೆರಳಿನ ಹೊರತು ಬೇರೆ ಸಾಕ್ಷಿಯಿಲ್ಲವೆಂಬುದು ಅವರಿಗೆ ಅರಿವಾಯಿತು. ಶಂಭುಲಿಂಗ ದೂರದಿಂದ ನಿಧಾನವಾಗಿ ನಡೆದು ಬಂದು, "ಗೊತ್ತೈತ್ರಿ" ಎಂದ.

ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿದರೆ, ತೋಟಾದ ಬೆನ್ನಿಗೆ ಬಡಿಯುವ ಪಿನ್ನು ಕೂರುವ ರಂಧ್ರದ ಒಳಗೆ ಕೂದಲೆಳೆಯಷ್ಟು ಉಬ್ಬಿದ ಲೋಹದ ಮುಳ್ಳು. ತಣ್ಣಗಿದ್ದಾಗ ಪಿನ್ನು ಸರಾಗವಾಗಿ ಹಿಂದೆ ಸರಿಯುತ್ತಿತ್ತು. ಕಾದಾಗ ಆ ಮುಳ್ಳಿಗೆ ಕಚ್ಚಿಕೊಂಡು ಮುಂದೆಯೇ ನಿಂತುಬಿಡುತ್ತಿತ್ತು. ಮುಂದೆ ಚಾಚಿ ನಿಂತ ಪಿನ್ನಿಗೆ ಹೊಸ ತೋಟಾ ಬಂದು ಬಡಿದರೆ ಟ್ರಿಗರಿನ ಹಂಗೇಕೆ?

ಕೋವಿಯನ್ನು ಅಂಗಡಿಯ ಮೂಲಕ ಕಳುಹಿಸಿ, ಆಚಾರ್ಯರು ಸ್ವಂತ ರಜೆ ಹಾಕಿ ಮೆಲ್ಬರ್ನಿಗೆ ಹೋದರು. ನಗರದ ಪಶ್ಚಿಮಕ್ಕೆ ಗೋದಾಮುಗಳ ಸಾಲಿನಲ್ಲಿ ಕಂಪನಿಯ ಕಚೇರಿ. ಅಲ್ಲಿ ಅವರನ್ನು ಕೂರಿಸಿ ಮಾತನಾಡಿಸಿದವಳು ಮಹಾಶ್ವೇತಾ, ಬೆಂಗಳೂರಿನಲ್ಲಿ ಓದಿ ಬಂದ ಎಳೆಯ ಎಂಜಿನಿಯರ್. ಮುಳ್ಳನ್ನು ಭೂತಗನ್ನಡಿಯಲ್ಲಿ ನೋಡಿ ಅವಳು ಹಳೆಯ ದೂರುಗಳ ಕಡತ ತೆರೆದಳು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದಳು.

"ಅಂಕಲ್, ಈ ಮಾಡೆಲ್‌ದು ಟೋಟಲ್ ನಲವತ್ತೊಂದು ಕಂಪ್ಲೇಂಟ್ಸ್. ಎಲ್ಲಾ ಕ್ಲೋಸ್ ಆಗಿದೆ. ಹದಿನೇಳರಲ್ಲಿ ನಿಮ್ ಸೈನ್ ಇದೆ."

ಆಚಾರ್ಯರು ಪರದೆಯ ಮೇಲಿನ ತಮ್ಮ ಸಹಿಗಳನ್ನು ಒಂದೊಂದಾಗಿ ಎಣಿಸಿದರು.

"ಬೇಜಾರ್ ಮಾಡ್ಕೋಬೇಡಿ. ಮೀಟಿಂಗ್‌ನಲ್ಲಿ ಯಾರಾದ್ರೂ ಡೌಟ್ ರೇಸ್ ಮಾಡಿದ್ರೆ ನಾವು ನಿಮ್ ಹೆಸರೇ ಹೇಳ್ತಿದ್ವಿ. ಕರುಣಾಕರ್ ನೋಡಿದಾರೆ ಅಂದ್ರೆ ಅಲ್ಲಿಗೆ ಮುಗೀತು."

ತಮ್ಮ ಹೆಸರಿಗೆ ಅಷ್ಟು ದೂರದ ಕೋಣೆಯೊಂದರಲ್ಲಿ ಅಷ್ಟು ಬೆಲೆಯಿತ್ತೆಂಬುದು ಅವರಿಗೆ ತಿಳಿದದ್ದು ಆ ದಿನವೇ. ಹದಿನೇಳು ವರದಿಗಳನ್ನೂ ಪ್ರಿಂಟ್ ಮಾಡಿಸಿಕೊಂಡು, ಒಂದೊಂದರ ಮೇಲೂ ಇಂಗ್ಲಿಷಿನಲ್ಲಿ, ಕೋವಿ ಕಾದ ಸ್ಥಿತಿಯಲ್ಲಿ ಪರೀಕ್ಷಿಸಿಲ್ಲ ಎಂದು ಬರೆದು ಹೊಸದಾಗಿ ಸಹಿ ಹಾಕಿದರು. ಎಲ್ಲದರಲ್ಲಿಯೂ ಕೋವಿಯದೇ ತಪ್ಪೆಂದು ಬರೆಯುತ್ತೀರಾ ಎಂದು ಅವಳು ಕೇಳಿದಾಗ, "ಅದು ನನಗೆ ಗೊತ್ತಿಲ್ಲಮ್ಮ. ನಾನು ನೋಡ್ಲಿಲ್ಲ ಅನ್ನುದು ಗೊತ್ತುಂಟು. ಅಷ್ಟನ್ನೇ ಬರೀತೇನೆ" ಎಂದರು. ಕಾಗದಗಳನ್ನು ಮೇಲಿನವರಿಗೆ ಮುಟ್ಟಿಸುವ ಹೊಣೆಯನ್ನು ಅವಳು ಹೊತ್ತಳು.

ಸಿಡ್ನಿಗೆ ಮರಳಿ, ವರ್ಕ್‌ಶಾಪಿನ ಯಜಮಾನನ ಅಸಮಾಧಾನವನ್ನು ಲೆಕ್ಕಿಸದೆ, ಹದಿನೇಳು ಮಂದಿಗೂ ಫೋನ್ ಮಾಡಲು ಕುಳಿತರು. ಒಬ್ಬ ಕೋವಿಯನ್ನು ಮಾರಿದ್ದ. ಒಬ್ಬ, ನನ್ನ ಕೋವಿಗೆ ಏನೂ ಆಗಿಲ್ಲ, ನಾನೇ ಸರಿಯಾಗಿ ಎಳೆಯುತ್ತಿರಲಿಲ್ಲ ಎಂದು ನಕ್ಕ. ಇಬ್ಬರು ಬೈದರು. ಹನ್ನೊಂದನೆಯ ಕರೆಯನ್ನು ಎತ್ತಿಕೊಂಡದ್ದು ಒಬ್ಬ ವೃದ್ಧೆ. ಗಂಡ ಹಿಂದಿನ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದ. ಆಚಾರ್ಯರು ತಡವರಿಸುತ್ತ ವಿಷಯ ತಿಳಿಸಿದರು. ಆಕೆ ಯಾವ ಆಕ್ಷೇಪವೂ ಇಲ್ಲದ ದನಿಯಲ್ಲಿ, "ನಿಮ್ಮ ಕಾಗದ ಬಂದ ವಾರವೇ ಅವನು ಲೈಸೆನ್ಸ್ ಒಪ್ಪಿಸಿಬಿಟ್ಟ. ಕೈ ಹೋಯಿತು ಎಂದರೆ ಹೋಯಿತು ಅಂದ. ಆಮೇಲೆ ಟ್ರ್ಯಾಕ್ಟರನ್ನೂ ಓಡಿಸಲಿಲ್ಲ" ಎಂದಳು. ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿ ಫೋನ್ ಇಟ್ಟಳು.

ಆ ದಿನ ಆಚಾರ್ಯರು ಹನ್ನೆರಡನೆಯ ಕರೆ ಮಾಡಲಿಲ್ಲ. ಮರುದಿನ ಮಾಡಿದರು.

ಮೂರು ತಿಂಗಳಿಗೆ ಕಂಪನಿಯಿಂದ ಆ ಮಾಡೆಲಿನ ಮಾಲೀಕರೆಲ್ಲರಿಗೂ ಪತ್ರ ಹೋಯಿತು: ಬಿಡಿಭಾಗ ಬದಲಿಸುವವರೆಗೆ ಕೋವಿಯನ್ನು ಬಳಸಕೂಡದು. ಕ್ಷಮೆಯ ಮಾತು ಅದರಲ್ಲಿರಲಿಲ್ಲ. ವರದಿ ಬರೆಯುವ ಕೆಲಸವೂ ಸದ್ದಿಲ್ಲದೆ ಬೇರೊಂದು ವರ್ಕ್‌ಶಾಪಿನ ಪಾಲಾಯಿತು. ಶಂಭುಲಿಂಗ ಈಗ ಸಿಡ್ನಿಗೆ ಬಂದಾಗ ಆಚಾರ್ಯರ ಮನೆಯಲ್ಲಿ ಚಹಾ ಕುಡಿಯುತ್ತಾನೆ, ಮಳೆಯ ಬಗ್ಗೆ ಮಾತಾಡುತ್ತಾನೆ. ಕೋವಿಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಆಚಾರ್ಯರು ಇನ್ನೂ ಕೆಲಸಕ್ಕೆ ಹೋಗುತ್ತಾರೆ. ಅಂಗಡಿಗೆ ರಿಪೇರಿಗೆಂದು ಬರುವ ಕೋವಿಗಳ ದೂರುಗಳಲ್ಲಿ ಹೆಚ್ಚಿನವು ಈಗಲೂ ಕೈಯ ತಪ್ಪುಗಳೇ. ಆದರೂ ಒಂದೊಂದು ಕೋವಿಯನ್ನೂ ಗುರಿ ಅಭ್ಯಾಸದ ರೇಂಜಿಗೆ ಒಯ್ದು, ನಳಿಗೆ ಸುಡುವ ತನಕ ಹಾರಿಸಿ ನೋಡುತ್ತಾರೆ. ಹಾಗೆ ನೋಡಿ ಸಂಜೆ ಮೊದಲಿಗಿಂತ ದಣಿದು ಬರುತ್ತಾರೆ. ವಿನೋದಾ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ತಂದು ಅವರ ಭುಜಕ್ಕಿಡುತ್ತಾರೆ.

ನ್ಯಾಯಾಲಯದ ಗುಮಾಸ್ತ, ಹೊರರೋಗಿಗಳನ್ನು ನೋಡುವ ವೈದ್ಯ, ಮೂವತ್ತು ವರ್ಷ ಒಂದೇ ಪಾಠ ಹೇಳಿದ ಮೇಷ್ಟ್ರು, ಹೀಗೆ ಜಗತ್ತಿನ ದೂರುಗಳನ್ನು ಕೇಳಲೆಂದೇ ಕುಳಿತ ಜನರಿದ್ದಾರೆ. ಅವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಎದುರಿಗಿರುವವನ ಮೊದಲ ವಾಕ್ಯಕ್ಕೇ ಕೊನೆಯ ವಾಕ್ಯ ಅವರಿಗೆ ಹೊಳೆದುಬಿಡುತ್ತದೆ, ಮತ್ತು ಬಹುಪಾಲು ಅದು ಸರಿಯಾಗಿಯೇ ಇರುತ್ತದೆ. ದಣಿವು ಅವರೊಳಗೆ ಹೊಕ್ಕು ಕೂರುವುದು ಅನುಭವದ ವೇಷದಲ್ಲಿ; ಹಾಗಾಗಿ ಅದು ದಣಿವೆಂದು ಅವರಿಗಾಗಲಿ ನಮಗಾಗಲಿ ತಿಳಿಯುವುದಿಲ್ಲ. ತಿಳಿದ ಮೇಲೂ ಅವರಿಗೆ ವಿಶ್ರಾಂತಿಯೇನೂ ದೊರೆಯುವುದಿಲ್ಲ. ಬೆಳಗಾದರೆ ಇನ್ನೊಬ್ಬ ಬಂದು ಅದೇ ಕಥೆಯನ್ನು ಮೊದಲಿನಿಂದ ಆರಂಭಿಸುತ್ತಾನೆ, ಮತ್ತು ಅದನ್ನು ಕೊನೆಯವರೆಗೆ ಕೇಳಬೇಕು.