ಕೊಡದೊಳಗಿನ ಕೊಂಡಿ

ಚಳ್ಳಕೆರೆಯ ದನ ಮೇಯುವ ಕಾವಲಿನ ಸುತ್ತ ಗೋಡೆ ಎದ್ದು ಒಳಗೆ ಪ್ರಯೋಗಾಲಯ ಬಂದ ಮೇಲೆ, ದೇವರ ಹೆಸರಿಗೆ ಬಿಟ್ಟ ಎತ್ತು ಮೇಯಿಸುವ ಮನೆಯ ಬಾಲರಾಜ್ ಅಲ್ಲೇ ತಾತ್ಕಾಲಿಕ ಸಹಾಯಕನಾಗಿ ಸೇರಿದ. ಸಿಲಿಕಾನ್ ಚಿಪ್ ಬಿಸಿಯೇರುತ್ತ ಮಾಡುವ ಲೆಕ್ಕವನ್ನು ಅಲ್ಲಿ ಬೇರೊಂದು ಲೋಹದ ಚಿಪ್ ಮಾಡಬೇಕಿತ್ತು. ಕೊಡದಂಥ ಪಾತ್ರೆಯಲ್ಲಿ ಹೀಲಿಯಂನ ಚಳಿಗೆ ಇಳಿಸಿದರೆ ಅದರೊಳಗೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ.

ಈ ಸಲದ ಚಿಪ್ ಜೋಡಿಸಿದವನು ಬಾಲರಾಜ್. ಅದು ಸರಿಯಾಗಿ ಲೆಕ್ಕ ಮಾಡಿದರೆ ಇರುವ ಒಂದೇ ಕಾಯಂ ಹುದ್ದೆ ಅವನಿಗೆ, ಇಲ್ಲದಿದ್ದರೆ ಜೊತೆಯ ಮಾರುತೇಶನಿಗೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಪುಷ್ಪಲತಾ ಮೇಡಂ ಹೇಳಿದ್ದರು.

ಪಾತ್ರೆ ಮುಚ್ಚುವ ಮುನ್ನ ಬಾಲರಾಜ್ ಜೇಬಿನಿಂದ ಒಂದು ಕಬ್ಬಿಣದ ಕೊಂಡಿ ತೆಗೆದ. ದೇವರ ಎತ್ತಿನ ಕೊರಳ ಸರಪಳಿಯದು. ಬಾವಿಯಾಗಲಿ ಮನೆಯಾಗಲಿ, ಅವರ ಹಟ್ಟಿಯಲ್ಲಿ ಅದನ್ನಿಡದೆ ಕೆಲಸ ಶುರುವಾಗುವುದಿಲ್ಲ. ಅಜ್ಜಿ ಪಾಪಕ್ಕ ಕೊಟ್ಟು ಕಳಿಸಿದ್ದಳು.

“ಅಯಸ್ಕಾಂತ ತರಬ್ಯಾಡ ಅಂದಾರೆ ಮೇಡಮ್ಮು. ಇದು ಬರೀ ಕಬ್ಬಿಣ. ಹೊರಗೆ ಮೇಜಿನ ಮ್ಯಾಲೆ ಇಡ್ಲೇನಣ್ಣ?” ಎಂದು ಮಾರುತೇಶನನ್ನು ಕೇಳಿದ.

ರಾಂಪುರದ ಮಾರುತೇಶ ಅಲ್ಲಿ ಹಳಬ. ಹಳೆಯ ಕಬ್ಬಿಣದಲ್ಲೂ ಅಷ್ಟಿಷ್ಟು ಕಾಂತತೆ ಇರುತ್ತದೆ, ತಣಿಯುವಾಗ ಅದು ಚಿಪ್‌ನೊಳಗೇ ಸಿಕ್ಕಿಕೊಂಡು ಲೆಕ್ಕ ಕೆಡಿಸುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

“ದೇವರನ್ನ ಹೊರಗೆ ಕುಂಡ್ರಿಸ್ತೀಯೇನ್ಲೇ? ಚಿಪ್ಪಿನ ಬುಡಕ್ಕೇ ಇಡು,” ಎಂದ. ಕೊಂಡಿಯನ್ನು ತಾನೇ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟ.

ತಣಿಸಿ ಪರೀಕ್ಷಿಸಿದಾಗ ಒಂದಕ್ಕೆ ಒಂದು ಕೂಡಿಸುವುದರಲ್ಲೂ ಚಿಪ್ ತಪ್ಪಿತು. ಪಾತ್ರೆ ತೆರೆದು ಮೇಡಂ ಚಿಮಟದಲ್ಲಿ ಕೊಂಡಿಯನ್ನೆತ್ತಿದರು.

“ಯಾರು ಇಟ್ಟಿದ್ದು?”

“ಬ್ಯಾಡ ಅಂದೆ ಮೇಡಂ,” ಮಾರುತೇಶ ತಲೆ ತಗ್ಗಿಸಿದ. “ದೇವರ ವಿಷ್ಯ ಅಂತಾನೆ. ಏನ್ ಹೇಳಾದು?”

ಕೊಂಡಿಯನ್ನು ಕಣ್ಣಿಗೊತ್ತಿಕೊಂಡವನು ಸುಳ್ಳಾಡಿಯಾನು ಎಂದು ಬಾಲರಾಜನಿಗೆ ಹೊಳೆದೇ ಇರಲಿಲ್ಲ. ಬಾಯಿಗೆ ಮಾತು ಬರುವಷ್ಟರಲ್ಲಿ ಮೇಡಂ ಅವನ ಐಡಿ ಕಾರ್ಡಿಗೆ ಕೈ ಚಾಚಿದ್ದರು.

ಗೇಟಿನ ತನಕ ಮಾರುತೇಶನೇ ಬಂದ. “ಲೇ, ನಿಮ್ಮಜ್ಜಿಗೆ ಹೇಳು, ದೇವರು ಸತ್ಯವಂತ. ಅಷ್ಟು ದೊಡ್ಡ ಮಿಷಿನ್ನು ನಿಲ್ಲಿಸಿಬಿಟ್ಟ.”

ಹಟ್ಟಿಯಲ್ಲಿ ಪಾಪಕ್ಕ ಎತ್ತಿನ ಬಳಿ ಕಾದಿದ್ದಳು.

“ಒಳಗೇ ಇಟ್ಟೆಯೇನಪ್ಪ?”

“ಬುಡಕ್ಕೇ ಇಟ್ಟೆ ಅಜ್ಜಿ.”

“ಮತ್ತಿನ್ನೇನು, ಕೆಲ್ಸ ನಿಂದೇ.” ಎತ್ತಿಗೆ ಕೈ ಮುಗಿದು, ಕೊಂಡಿಯನ್ನು ಸರಪಳಿಗೆ ಸೇರಿಸಲು ಅಂಗೈ ಚಾಚಿದಳು.

ಅವನ ಜೇಬಿನಲ್ಲಿ ಅದು ಇರಲಿಲ್ಲ. ಏನನ್ನು ಒಳಗೆ ತರಬಾರದೆಂದು ಹೊಸಬರಿಗೆ ತೋರಿಸಲು ಮೇಡಂ ಅದನ್ನು ಗಾಜಿನ ಸೀಸೆಯಲ್ಲಿ ಹಾಕಿಟ್ಟುಕೊಂಡಿದ್ದರು.